ನನ್ನ ಶನಿವಾರದ ಉಪವಾಸ ಮತ್ತು ಚೌಡನ ಆಣೆ

ಧರ್ಮಗಳನ್ನು ತೂಗಿ ನೋಡುವುದಕ್ಕೆ ನನ್ನ ಹತ್ತಿರ ಬಹಳ ಕಾಲ ಎರಡು ತಕ್ಕಡಿಗಳಿದ್ದವು. ನನ್ನ ಧರ್ಮವನ್ನು ತೂಗುವಾಗ ಅದರಲ್ಲಿ ಹೇಳಿರುವ ಒಳ್ಳೆಯ ಮಾತುಗಳನ್ನೆಲ್ಲ ತಂದು ಹಾಕುತ್ತಿದ್ದೆ. ಸತ್ಯ, ದಯೆ, ದಾನ, ಅತಿಥಿ ಸತ್ಕಾರ, ಇನ್ನೂ ಏನೇನೋ. ಬೇರೆಯವರ ಧರ್ಮವನ್ನು ತೂಗುವಾಗ ಮಾತ್ರ ಆ ಧರ್ಮದ ಯಾರಾದರೊಬ್ಬ ಮನುಷ್ಯನನ್ನು ಎತ್ತಿ ಕೂರಿಸಿಬಿಡುತ್ತಿದ್ದೆ. ಹಾಗೆ ಕೂರಲು ಸಿಗುತ್ತಿದ್ದವನು ಸಾಮಾನ್ಯವಾಗಿ ಹಿಂದಿನ ದಿನ ನನಗೆ ಸಿಟ್ಟು ಬರಿಸಿದವನೇ ಆಗಿರುತ್ತಿದ್ದ. ವಿರಾಜಪೇಟೆಯ ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ, ಮೊದಲು ಅವನು ಯಾವ ದೇವರಿಗೆ ಕೈಮುಗಿಯುವವನು ಎಂದು ನೋಡಿಕೊಂಡು ಆಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ತುಳಿದವನು ನಮ್ಮವನೇ ಆಗಿದ್ದರೆ ತಪ್ಪು ಡ್ರೈವರನ ಬ್ರೇಕಿನದು. ಇದರಲ್ಲೇನೋ ಎಡವಟ್ಟಿದೆ ಎಂದು ನನಗೆ ಅನ್ನಿಸಿದ್ದೇ ಇಲ್ಲ. ನನ್ನ ಅಭಿಪ್ರಾಯಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಬಹಳ ವಿಶ್ವಾಸ.

ಆಗ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿತ್ತು. ಇಡೀ ರಾಜ್ಯಕ್ಕೆ ಇಬ್ಬರೇ ಮಂತ್ರಿಗಳು. ಮಡಿಕೇರಿಗೆ ಹೋದವರು ದಾರಿಯಲ್ಲಿ ಸರ್ಕಾರವನ್ನು ಎದುರೆದುರೇ ಕಂಡು ನಮಸ್ಕಾರ ಹೇಳಿ ಬರಬಹುದಾಗಿತ್ತು. ನಾನು ತಿತಿಮತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಕವನ ಬರೆಯುವವನೆಂದು ತಿಳಿಯಬೇಡಿ. ಆಳುಗಳ ಹಾಜರಿ, ಗೊಬ್ಬರದ ಮೂಟೆ, ದಿನದ ಮಳೆ, ಇಷ್ಟನ್ನು ಬರೆದಿಟ್ಟರೆ ನನ್ನ ಸಾಹಿತ್ಯ ಮುಗಿಯಿತು. ಪಕ್ಕದ ಮನೆಯಲ್ಲಿ ಕಂಡಕ್ಟರ್ ಪೀಟರ್ ಇದ್ದರು. ಬಸ್ಸಿನ ಕಂಡಕ್ಟರಲ್ಲ, ತೋಟದಲ್ಲಿ ಕೆಲಸ ಮಾಡಿಸುವ ಮೇಲ್ವಿಚಾರಕರು. ಮಂಗಳೂರಿನ ಕಡೆಯ ಕ್ರೈಸ್ತರು. ಗೇಟಿನ ಬಳಿ ಮಮ್ಮದ್ ಕಾಕನ ಅಂಗಡಿ. ಅವನ ಅಜ್ಜ ಮಾಕುಟ್ಟದ ದಾರಿಯಾಗಿ ಮಲಬಾರಿನಿಂದ ಒಣಮೀನು ಹೊತ್ತು ಬಂದವನು. ನಾನು ಭಾಗಮಂಡಲದ ಕಡೆಯ ಅರೆಭಾಷೆ ಗೌಡ. ನಾವು ಮೂವರು ಸ್ನೇಹಿತರು. ನಮ್ಮ ಸ್ನೇಹ ಎಷ್ಟು ಗಟ್ಟಿಯಾಗಿತ್ತೆಂದರೆ ಒಬ್ಬರ ಧರ್ಮ ಇನ್ನೊಬ್ಬರ ಮನೆಯಲ್ಲಿ ಕೆಡುತ್ತಿತ್ತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಚಿಕ್ಕಂದಿನಲ್ಲಿ ಒಂದು ದೊಡ್ಡ ಜ್ವರ ಬಂದು, ನನ್ನ ಅವ್ವ ದೇವರಿಗೆ ಹರಕೆ ಹೊತ್ತಿದ್ದಳು: ಮಗ ಉಳಿದರೆ ಜೀವನಪೂರ್ತಿ ಶನಿವಾರ ರಾತ್ರಿಯದೊಂದೇ ಊಟ, ಮಾಂಸ ಮುಟ್ಟುವುದಿಲ್ಲ. ಹರಕೆ ಹೊತ್ತವಳು ಅವ್ವ, ಹಸಿಯಬೇಕಾದವನು ನಾನು. ಈ ಪಾಲು ಹಂಚಿಕೆ ಸರಿಯಲ್ಲವೆಂದು ನನಗೆ ಆಗಾಗ ಅನ್ನಿಸುತ್ತಿತ್ತು. ಅತ್ತ ಪೀಟರ್ ಶುಕ್ರವಾರ ಮಾಂಸ ತಿನ್ನುವಂತಿರಲಿಲ್ಲ. ಅವರ ಹೆಂಡತಿ ಅಂದು ಬಸಳೆ ಸೊಪ್ಪು ಬಿಟ್ಟು ಬೇರೇನನ್ನೂ ಒಲೆಗೆ ಹಾಕುತ್ತಿರಲಿಲ್ಲ. ನನ್ನ ಹೆಂಡತಿ ಕೋಳಿಸಾರು ಮಾಡುವುದು ಶುಕ್ರವಾರ. ಪೀಟರ್ ಅವರ ಹೆಂಡತಿ ಭಾನುವಾರಕ್ಕೆಂದು ಹಂದಿಮಾಂಸ ಬೇಯಿಸಿಡುವುದು ಶನಿವಾರ ಮಧ್ಯಾಹ್ನ. ಒಂದು ದಿನ ಕಳೆದರೆ ರುಚಿ ಏರುತ್ತದಂತೆ. ಹೀಗೆ ಶುಕ್ರವಾರ ಪೀಟರ್ ಆಳುಗಳ ಪಟ್ಟಿ ನೋಡುವ ನೆಪದಲ್ಲಿ ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಶನಿವಾರ ನಾನು ಅವರ ಹಿತ್ತಿಲಲ್ಲಿರುವ ಮಳೆ ಅಳೆಯುವ ಡಬ್ಬ ನೋಡಲು ಹೋಗುತ್ತಿದ್ದೆ. ಮಳೆ ನೋಡಬೇಕಾದದ್ದು ಬೆಳಿಗ್ಗೆ. ನಾನು ಹೋಗುತ್ತಿದ್ದದ್ದು ಮಧ್ಯಾಹ್ನ ಒಂದು ಗಂಟೆಗೆ, ಅದೂ ಜನವರಿ ತಿಂಗಳ ಉರಿಬಿಸಿಲಲ್ಲಿ.

"ಈಗ ಯಾವ ಮಳೆ?" ಎಂದು ಹೆಂಡತಿ ಒಮ್ಮೆ ಕೇಳಿದಳು. "ಬಂದರೆ ಗೊತ್ತಾಗಬೇಕಲ್ಲ" ಎಂದೆ. "ಎಂಥ ಬಾದುಂತ ನಂಗೆ ಗೊತ್ತುಟ್ಟು" ಎಂದು, ಬರುವುದೇನೆಂದು ತನಗೆ ಗೊತ್ತಿದೆ ಎಂಬಂತೆ ಅವಳು ಒಳಗೆ ಹೋದಳು. ಮಮ್ಮದ್ ಕಾಕನದು ಇಷ್ಟು ದೊಡ್ಡ ವ್ಯವಹಾರವಲ್ಲ. ಉಪವಾಸದ ತಿಂಗಳಲ್ಲಿ ಅವನು ಅನ್ನ ನೀರು ಬಿಟ್ಟು ಹುಲಿಯಂತೆ ಇರುತ್ತಿದ್ದ. ಆದರೆ ಹಗಲು ಮೂರು ಗಂಟೆಯ ಹೊತ್ತಿಗೆ ನಮ್ಮ ಗೋದಾಮಿನ ಮೂಟೆಗಳ ಮರೆಗೆ ಬಂದು ನನ್ನ ನಶ್ಯದ ಡಬ್ಬಿಯಿಂದ ಒಂದೇ ಒಂದು ಚಿಟಿಕೆ ಏರಿಸಿ, "ಪಡಚ್ಚೋನೇ" ಎಂದು ಸೃಷ್ಟಿಸಿದವನನ್ನು ಕರೆದು ಕಣ್ಣು ಒರೆಸಿಕೊಂಡು ಹೋಗುತ್ತಿದ್ದ. ಪಾಪ ನಮ್ಮದು, ಸಾಕ್ಷಿಗಳು ನಾವೇ, ಬೇರೆ ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ನಮ್ಮ ಮೂರು ಧರ್ಮಗಳೂ ಸುಖವಾಗಿದ್ದವು.

ಇನ್ನು ಚೌಡನ ವಿಷಯ. ಅವನು ಕಾಫಿ ಒಣಗಿಸುವ ಕಣದ ಹಗಲು ಕಾವಲಿನವನು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನದವನು. ದನ ಕೋಳಿಗಳು ಕಣಕ್ಕೆ ಬಾರದಂತೆ, ಮೋಡ ಕಂಡರೆ ಕೂಗಿ ಹೇಳುವಂತೆ, ಅವನಿಗೊಂದು ಎತ್ತರದ ಅಟ್ಟಣೆ ಕಟ್ಟಿಸಿಕೊಟ್ಟಿದ್ದೆವು. ಅದಕ್ಕೆ ಜಾಗ ಗೊತ್ತುಮಾಡಿದವನು ನಾನೇ. ಕೆಲಸಗಾರ ಒಳ್ಳೆಯವನು, ಆದರೆ ಕುಡಿತ. ಸಂಜೆ ಕಳ್ಳು ಏರಿತೆಂದರೆ ಮನೆಯ ಪಾತ್ರೆಗಳೆಲ್ಲ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಅಂಗಳದಲ್ಲಿ ಬಿದ್ದಿರುತ್ತಿದ್ದವು. ಒಂದು ಸಂಜೆ ಪಾತ್ರೆಗಳ ಜೊತೆ ಚಿಕ್ಕ ಮಗಳ ಕೈಗೂ ಪೆಟ್ಟಾಯಿತು. ಮರುದಿನ ಬೆಳಿಗ್ಗೆ ಅವನ ಹೆಂಡತಿ ಪುಟ್ಟಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಪಿರಿಯಾಪಟ್ಟಣದ ತವರಿಗೆ ಹೊರಟುಹೋದಳು. ಕುಡಿಯುವುದಿಲ್ಲ ಎಂದು ನಿಲ್ಲುವಂಥ ಆಣೆ ಇಟ್ಟು ಬಂದರೆ ವಾಪಸು ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿಕಳಿಸಿದಳು.

ತೊಂದರೆಯಿದ್ದದ್ದು ಅಲ್ಲೇ. ಚೌಡ ಇಡದ ಆಣೆಯಿರಲಿಲ್ಲ. ಊರ ಮಾರಮ್ಮನ ಮೇಲೆ ಇಟ್ಟದ್ದು ಹದಿನೈದು ದಿನ ನಿಂತಿತು. ಮಸೀದಿಯ ಮುಂದೆ ಕಾಕನನ್ನು ಸಾಕ್ಷಿ ಮಾಡಿಕೊಂಡು ಇಟ್ಟದ್ದು ಒಂದು ವಾರ. ಪೀಟರ್ ಜೊತೆ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಇಟ್ಟ ಆಣೆ, ಬತ್ತಿ ಆರುವವರೆಗೂ ಉಳಿಯಲಿಲ್ಲ. ಅವನು ಕಚೇರಿಯ ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದ: "ಅಯ್ಯಾ, ತಿಳ್ದೋರು ನೀವು. ಯಾವ ದೇವ್ರ ಮ್ಯಾಲೆ ಆಣೆ ಇಟ್ರೆ ನಿಂತದೆ, ಒಸಿ ಹೇಳಿ. ಮಕ್ಳ ಮುಖ ನೋಡ್ದೆ ಇರಾಕಾಯ್ತಾ ಇಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಕನಿಕರವಾಗಬೇಕಾದ ಹೊತ್ತು. ನನಗೆ ಉಪನ್ಯಾಸ ಬಂತು. ಎದುರಿಗೆ ಬಾಯಿ ತೆರೆದು ಕೇಳುವವನೊಬ್ಬ ಸಿಕ್ಕರೆ ನಾನು ಯಾವಾಗಲೂ ಹಾಗೆಯೇ. "ನೋಡು ಚೌಡ, ಕಾಫಿ ಮೂಟೆಯನ್ನು ಹೇಗೆ ಪರೀಕ್ಷೆ ಮಾಡುತ್ತೇವೆ? ಮೂಟೆ ಬಿಚ್ಚಿ ಸುರಿಯುತ್ತೇವೆಯೇ? ಕೊಳವೆ ಚುಚ್ಚಿ ಒಂದು ಹಿಡಿ ಬೀಜ ತೆಗೆಯುತ್ತೇವೆ. ಹಿಡಿ ಹೇಗೋ ಮೂಟೆ ಹಾಗೆ. ಧರ್ಮವೂ ಅಷ್ಟೇ. ಅದನ್ನು ನಂಬಿದವರು ಹೇಗೆ ನಡೆಯುತ್ತಾರೆ ನೋಡು. ತನ್ನ ದೇವರಿಗೆ ಕೊಟ್ಟ ಮಾತನ್ನು ಯಾವನು ಉಳಿಸಿಕೊಳ್ಳುತ್ತಾನೋ ಆ ದೇವರನ್ನು ಹಿಡಿ" ಎಂದೆ. ನಮೂನೆಗೆ ಕಳಿಸುವ ಹಿಡಿ ಬೀಜವನ್ನು ನಾನೇ ಹಿಂದಿನ ದಿನ ಕೂತು ಒಂದೊಂದಾಗಿ ಆರಿಸಿಡುತ್ತಿದ್ದೆ ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ. ಚೌಡ, "ನೀವ್ ಹೇಳಾದು ಸರಿ ಅಯ್ಯಾ, ನೋಡ್ತೀನಿ" ಎಂದು ಎದ್ದು ಹೋದ. ಅವನು ಇನ್ನು ಪೀಟರನ್ನೂ ಕಾಕನನ್ನೂ ಸೂಕ್ಷ್ಮವಾಗಿ ಗಮನಿಸುತ್ತಾನೆ, ಕೊನೆಗೆ ನಮ್ಮ ಕಡೆಗೇ ಬರುತ್ತಾನೆ ಎಂದು ನಾನು ಒಳಗೊಳಗೇ ಸಂತೋಷಪಟ್ಟೆ. ನಂಬಿದವರು ಎಂಬ ಮಾತಿಗೆ ನಾನೂ ಸೇರುತ್ತೇನೆ ಎಂಬುದು, ಆಣೆಯಾಗಿ ಹೇಳುತ್ತೇನೆ, ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಒಂದು ತಿಂಗಳು ಕಳೆಯಿತು. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿ ನಡೆಯುತ್ತಿತ್ತು. ನನ್ನ ಶನಿವಾರಗಳೂ ಎಂದಿನಂತೆ ನಡೆದವು. ಆಮೇಲೊಂದು ದಿನ ನೋಡಿದರೆ ಪುಟ್ಟಮ್ಮ ಮಕ್ಕಳೊಂದಿಗೆ ಲೈನಿಗೆ ವಾಪಸು ಬಂದಿದ್ದಾಳೆ! ಚೌಡನೇ ಪಿರಿಯಾಪಟ್ಟಣಕ್ಕೆ ಹೋಗಿ ಕರೆತಂದನಂತೆ. ಕುಡಿತ ಬಿಟ್ಟು ಆಗಲೇ ಇಪ್ಪತ್ತು ದಿನವಾಯಿತಂತೆ. ಸಂಜೆ ಅವಳು ತವರಿನಿಂದ ತಂದ ಸೊಗಡವರೆಕಾಯಿಯನ್ನು ಮಡಿಲಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. "ಎಲ್ಲಾ ಅಯ್ಯಾರಿಂದ ಆಗಿದ್ದು ಕಣವ್ವ" ಎಂದು ನನ್ನ ಹೆಂಡತಿಗೆ ಹೇಳಿದಳು. ನಾನು ಜಗಲಿಯ ಮೇಲೆ ಸ್ವಲ್ಪ ನೆಟ್ಟಗೆ ಕುಳಿತುಕೊಂಡೆ. ಯಾವ ದೇವರ ಮೇಲೆ ಆಣೆ ಇಟ್ಟನಮ್ಮಾ ಎಂದು, ಉತ್ತರ ಗೊತ್ತಿರುವ ಮೇಷ್ಟರಂತೆ ಕೇಳಿದೆ.

ಪುಟ್ಟಮ್ಮ ಸೆರಗಿನ ತುದಿ ಹಿಡಿದು ನೆಲ ನೋಡಿದಳು. "ದೇವ್ರ ಮ್ಯಾಲಲ್ಲ ಅಯ್ಯಾ. ನನ್ನ ಅಪ್ಪ ಅವ್ವನ ಮುಂದೆ ನಿಂತ್ಕಂಡು ಅಂದ್ರು: ಇನ್ನೊಂದ್ ಕಿತ ಕುಡುದ್ರೆ ನಾನೂ ರೈಟರಯ್ಯನಂಗೇ ಆಗೋಗ್ಲಿ, ಅಂತ."

ಒಳಗಿನಿಂದ ನನ್ನ ಹೆಂಡತಿ ನಕ್ಕ ಸದ್ದು ಪೀಟರ್ ಮನೆಯವರೆಗೂ ಕೇಳಿಸಿರಬೇಕು.

ನನಗೆ ಮೈಯೆಲ್ಲ ಉರಿಯಿತು. ಆ ಕ್ಷಣವೇ ಎದ್ದು ಕಣಕ್ಕೆ ಹೋಗಿ ಅಟ್ಟಣೆ ಏರಿದೆ. ಚೌಡ ಗಡಬಡಿಸಿ ಎದ್ದು ನಿಂತು ಗೋಣಿ ಹಾಸಿ ಕೂರಿಸಿದ. ಬಯ್ಯಲೆಂದು ಬಾಯಿ ತೆರೆದವನು ಎದುರಿಗೆ ನೋಡಿದೆ. ಅಲ್ಲಿಂದ ನಮ್ಮ ಹಿತ್ತಿಲ ಬಾಗಿಲು ಕಾಣುತ್ತಿತ್ತು. ಪೀಟರ್ ಮನೆಯ ಹಿತ್ತಿಲ ಬಾಗಿಲು ಕಾಣುತ್ತಿತ್ತು. ಗೋದಾಮಿನ ಕಿಟಕಿಯೊಳಗೆ ಮೂಟೆಗಳ ಮರೆಯೂ ಚೆನ್ನಾಗಿ ಕಾಣುತ್ತಿತ್ತು. ಬಾಯಿ ಮುಚ್ಚಿದೆ. ಮತ್ತೆ ತೆರೆದು, "ಅಲ್ಲಯ್ಯಾ, ಕದ್ದು ತಿನ್ನುವವನು ನಾನೊಬ್ಬನೇ ಏನು? ಪೀಟರ್ ಇಲ್ಲವೇ? ಕಾಕ ಇಲ್ಲವೇ?" ಎಂದು ಕೇಳಿದೆ. ಇಂಥ ಮಾತು ಆಡಬೇಕಾಗಿ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಅವ್ರೂವೆ ತಿಂತಾರೆ ಅಯ್ಯಾ, ನೋಡಿವ್ನಿ" ಎಂದ ಚೌಡ, ಬಹಳ ವಿನಯದಿಂದ. "ಆದ್ರೆ ಪೀಟರಯ್ಯ ತಿಂದು ಹೋಗೋವಾಗ ಎದೆ ಮುಟ್ಕತಾರೆ. ಕಾಕ ನಶ್ಯ ಏರಿಸ್ಬುಟ್ಟು ಒಬ್ರೇ ಕಣ್ಣೀರ್ ಹಾಕ್ತಾರೆ. ಅವ್ರಿಗೆ ಒಳಗೇ ಚುಚ್ತದೆ. ನೀವು ಕೈ ತೊಳ್ಕಂಡು ಸೀದಾ ಕಚೇರಿಗೆ ಬಂದು ನಂಗೆ ಬುದ್ಧಿ ಹೇಳ್ತೀರಿ. ನಾನೂ ಅಂಗೇ ತಾನೆ? ಕುಡ್ಕಂಡು ಬಂದು ಮಕ್ಳಿಗೆ ಬುದ್ಧಿ ಹೇಳ್ತಿದ್ದೆ. ನಿಮ್ಮನ್ನ ಇಲ್ಲಿಂದ ನೋಡ್ತಾ ನೋಡ್ತಾ ನನ್ ಮ್ಯಾಲೇ ನಂಗೆ ಅಸಹ್ಯ ಆಗೋಯ್ತು. ದೇವ್ರ ಮ್ಯಾಲೆ ಆಣೆ ಇಟ್ರೆ ಅದು ಕರುಣೆ ಇರೋ ದೇವ್ರು, ಹೋಗ್ಲಿ ಅಂತ ಬುಟ್ಬುಡ್ತದೆ. ಈ ಆಣೆ ಬುಡಾಕಿಲ್ಲ."

ನನ್ನನ್ನು ಒಂದೇ ಯೋಚನೆ ಕೊರೆಯುತ್ತಿತ್ತು. ನನ್ನಿಂದಾಗಿ, ನನ್ನ ಒಂದು ತಟ್ಟೆ ಹಂದಿಮಾಂಸದಿಂದಾಗಿ, ನಮ್ಮ ಹಿರಿಯರ ಧರ್ಮಕ್ಕೇ ಕೆಟ್ಟ ಹೆಸರು ಬಂತಲ್ಲ! ನಿಜವಾಗಿ ದುಃಖವಾಯಿತು. "ಹಾಗಾದರೆ ನಮ್ಮ ಧರ್ಮದ ಮೇಲೆ ನಿನಗೆ ನಂಬಿಕೆ ಹೋಯಿತೇನೋ ಚೌಡ?" ಎಂದೆ.

ಚೌಡನಿಗೆ ಗಾಬರಿಯಾಯಿತು. "ಏ, ಬುಡ್ತು ಅನ್ನಿ ಅಯ್ಯಾ! ಧರ್ಮಕ್ಕೇನಾಗದೆ? ಅದು ಚೆಂದಾಗೇ ಅದೆ. ನಾನ್ ಯೋಳಿದ್ದು ನಿಮ್ ಬಗ್ಗೆ" ಎಂದ.

ಮುಂದಿನ ಶನಿವಾರ ನಾನು ನಿಜವಾಗಿಯೂ ಉಪವಾಸ ಮಾಡಿದೆ. ಮಧ್ಯಾಹ್ನ ಪೀಟರ್ ಮನೆಯ ಕಡೆಯಿಂದ ವಾಸನೆ ಬಂದಾಗ ಕಿಟಕಿ ಮುಚ್ಚಿದೆ. ಅವ್ವನನ್ನು ನೆನೆದು ಅತ್ತೆ ಎಂದರೂ ತಪ್ಪಿಲ್ಲ. ಅದರಲ್ಲಿ ಹಸಿವಿನ ಪಾಲು ಎಷ್ಟು ಎಂದು ಕೇಳಬೇಡಿ. ಅದರ ಮುಂದಿನ ಶನಿವಾರವೂ ಹಾಗೆಯೇ ಕಳೆಯಿತು. ನಾನು ಸುಧಾರಿಸುತ್ತಿದ್ದೇನೆ ಎಂಬ ವಿಶ್ವಾಸ ಮತ್ತೆ ಚಿಗುರತೊಡಗಿತು. ನೆರೆಹೊರೆಯವರಿಗೆ ನಾಲ್ಕು ಮಾತು ಹೇಳಬಹುದು ಎಂಬ ಹಂತಕ್ಕೂ ಬಂದಿದ್ದೆ. ಮೂರನೆಯ ಶನಿವಾರ ಹನ್ನೆರಡೂವರೆಯ ಹೊತ್ತಿಗೆ ಚೌಡ ಕಣ ಬಿಟ್ಟು ಕಚೇರಿಗೆ ಬಂದು ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತ. ಮುಖ ಬಾಡಿತ್ತು.

"ಅಯ್ಯಾ, ಎರಡು ವಾರದಿಂದ ನೀವು ಪೀಟರಯ್ಯನ ಮನೆ ಕಡೆ ಹೋಗ್ತಾ ಇಲ್ಲ" ಎಂದ. ಹೌದು, ಬಿಟ್ಟುಬಿಟ್ಟೆ ಎಂದು ಹೆಮ್ಮೆಯಿಂದ ಹೇಳಿದೆ. ಅವನು ಇನ್ನೂ ಕುಗ್ಗಿದ. "ನಿನ್ನೆ ಸಂಜೆ ಕಳ್ಳಿನಂಗಡಿ ಮುಂದೆ ಬತ್ತಾ ಕಾಲು ನಿಂತೋಯ್ತು ಅಯ್ಯಾ. ರೈಟರಯ್ಯನಂಗಾದ್ರೆ ಈಗ ತಪ್ಪೇನು, ಅವ್ರು ಒಳ್ಳೇರೇ ಆಗವ್ರಲ್ಲ ಅಂತ ಮನಸು ಅಂತು. ಹ್ಯಂಗೋ ಓಡಿ ಮನೆ ಸೇರ್ಕಂಡೆ. ನೀವು ಹಿಂಗೆ ಇದ್ದಕ್ಕಿದ್ದಂಗೆ ಸುದ್ಧವಾಗ್ಬುಟ್ರೆ ನನ್ ಮಕ್ಳ ಗತಿ ಏನು?"

ನಾನು ಪೆನ್ನು ಕೆಳಗಿಟ್ಟೆ. ಕಚೇರಿಯ ಕಿಟಕಿಯಿಂದ ಪುಟ್ಟಮ್ಮ ಲೈನಿನ ಮುಂದೆ ಅಕ್ಕಿ ಕೇರುತ್ತಿರುವುದು ಕಾಣುತ್ತಿತ್ತು. ಚಿಕ್ಕ ಮಗಳು ಅವಳ ಬೆನ್ನಿಗೆ ಜೋತು ಬಿದ್ದು ಏನೋ ಹೇಳಿ ನಗುತ್ತಿದ್ದಳು. ಎದ್ದು ಪೀಟರ್ ಮನೆಯ ಹಿತ್ತಿಲಿಗೆ ಹೋದೆ. ಎರಡು ವಾರ ತಪ್ಪಿದ್ದಕ್ಕೆ ಅವರ ಹೆಂಡತಿ, "ಎಂತ ಮಾರಾಯ್ರೆ, ನೀವು ನಮ್ಮನ್ನು ಮರ್ತೇ ಬಿಟ್ಟದ್ದಾ?" ಎಂದು ಒಂದು ಸೌಟು ಹೆಚ್ಚಿಗೆ ಬಡಿಸಿದರು. ಈ ಸಲ ಅದು ರುಚಿಸಲಿಲ್ಲ. ತಲೆ ಎತ್ತಿ ನೋಡಿದರೆ ಚೌಡ ಅಟ್ಟಣೆಯ ಮೇಲೆ ಕೈಕಟ್ಟಿ ನಿಂತು, ನಾನು ತಟ್ಟೆ ಖಾಲಿ ಮಾಡುವುದನ್ನು ನೆಮ್ಮದಿಯಿಂದ ನೋಡುತ್ತಿದ್ದ.

ಆಮೇಲೆ ಬದುಕಿರುವವರೆಗೂ ಅವನು ಕುಡಿಯಲಿಲ್ಲ. ಮಕ್ಕಳು ಓದಿದರು, ಮಗಳ ಮದುವೆ ಚೆನ್ನಾಗಿ ನಡೆಯಿತು. ಮದುವೆಗೆ ಬಂದವರೆಲ್ಲ, ಚೌಡನನ್ನು ಸರಿದಾರಿಗೆ ತಂದ ಪುಣ್ಯಾತ್ಮ ಯಾರು ಎಂದು ಕೇಳುತ್ತಿದ್ದರು. ಪುಟ್ಟಮ್ಮ ನನ್ನ ಕಡೆ ಕೈ ತೋರಿಸಿದಳು. ಹೇಗೆ ತಂದೆ ಎಂದು ಯಾರಾದರೂ ಕೇಳಿಬಿಡುತ್ತಾರೇನೋ ಎಂದು ಹೆದರಿ, ಜೀವನದಲ್ಲಿ ಅದೊಂದೇ ಸಲ ಬಡಿಸಿದ ಎಲೆ ಬಿಟ್ಟು ಎದ್ದುಬಂದೆ.