ತುಕ್ಕು ಅಂಟಿದ ಪ್ಯಾಂಟು ಮತ್ತು ಬೀಗ ಹಾಕಿದ ಗೋಧಿ ಹೊಲ

ಗಾಳಿಜನ್ಯ ಬೆಳೆರೋಗ ತಪಾಸಣಾ ಕಚೇರಿ
(ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು)

ಸಂಖ್ಯೆ: ಗಾ.ಬೆ.ತ/ತುಕ್ಕು/ಪ್ಯಾಂಟು/07

ವಿಷಯ: ಗೋಧಿಯ ತುಕ್ಕುರೋಗದ ಕಣಗಳು ಅನುಮತಿಯಿಲ್ಲದೆ ತಾಲ್ಲೂಕು ದಾಟುತ್ತಿರುವ ಕುರಿತು.

ಉಲ್ಲೇಖ: ಬುಕ್ಕಾಂಬುಧಿಯ ರೈತ ಮಹಿಳೆ ಶ್ರೀಮತಿ ಶಕುಂತಲಮ್ಮನವರು ಗೋಧಿ ಹೊಲದ ಗೇಟಿಗೆ ಬೀಗ ಹಾಕಿರುವುದು.

ತುಕ್ಕುರೋಗವು ಶಿಲೀಂಧ್ರದಿಂದ ಬರುವಂಥದ್ದು. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿಯಾಗಿ ಕಂಡು, ಗಾಳಿಯಲ್ಲಿ ಹಾರಿ, ಬಟ್ಟೆಗೂ ಅಂಟುವಂಥದ್ದು. ಇದನ್ನು ಸಿಬ್ಬಂದಿ ತಿಳಿದಿರತಕ್ಕದ್ದು. ಈಗಾಗಲೇ ತಿಳಿದವರು ಮತ್ತೊಮ್ಮೆ ತಿಳಿಯತಕ್ಕದ್ದು. ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಕಡೂರಿನಲ್ಲಿ ಹಾರಿದ ಕಣ ಕಡೂರಿನಲ್ಲೇ ಇಳಿಯತಕ್ಕದ್ದು. ಗಾಳಿ ಒಪ್ಪದಿದ್ದಲ್ಲಿ, ಗಾಳಿಯಿಂದ ಲಿಖಿತ ಸಮಜಾಯಿಷಿ ಪಡೆಯುವುದು.

2. ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿನಲ್ಲೇ ಇತ್ತೆಂಬ ನೆಪದಲ್ಲಿ ಹಳೆಯ ರೂಢಿಯಂತೆ ಬಂದುಹೋಗುವ ಕಣಗಳಿಗೆ ವಿನಾಯಿತಿ ಇರುವುದಿಲ್ಲ.

3. ಕ್ಷೇತ್ರ ಸಹಾಯಕ ತೀರ್ಥೇಶ್ ಅವರ ಪ್ಯಾಂಟಿನ ಮೇಲಿದ್ದ ಪುಡಿಯನ್ನು ಕೆಮ್ಮಣ್ಣುಗುಂಡಿಯ ಮಣ್ಣೆಂದು ಭಾವಿಸಿ, ರಜೆ ಹಾಕದೆ ಪ್ರವಾಸ ಹೋಗಿದ್ದಾರೆಂದು ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ. ಸದರಿ ಪುಡಿಯನ್ನು ಕರ್ತವ್ಯದ ಪುಡಿಯೆಂದು ಪರಿಗಣಿಸಲಾಗಿದೆ.

4. ಅವರು ಅದೇ ಪ್ಯಾಂಟಿನಲ್ಲಿ ತಪಾಸಣೆ ಮಾಡಿದ ಹೊಲಗಳಲ್ಲೆಲ್ಲ ತರುವಾಯ ರೋಗ ಕಂಡುಬಂದಿದೆ. ರೋಗ ಬರಲಿರುವ ಹೊಲವನ್ನೇ ಹುಡುಕಿ ಹೋಗುವ ಅವರ ದೂರದೃಷ್ಟಿಯನ್ನು ಶ್ಲಾಘಿಸಲಾಗಿದೆ. ಅನುಮತಿಯಿಲ್ಲದೆ ಪ್ಯಾಂಟು ಒಗೆಯುವುದನ್ನು ಸಾಕ್ಷ್ಯನಾಶವೆಂದು ಪರಿಗಣಿಸಲಾಗುವುದು.

5. ತಪಾಸಣೆಯಾಗದೆ ಉಳಿದಿರುವ ಏಕೈಕ ಹೊಲ ಶಕುಂತಲಮ್ಮನವರದು. ಅಲ್ಲಿ ಮಾತ್ರ ರೋಗವಿಲ್ಲದಿರುವುದು ಅನುಮಾನಾಸ್ಪದವಾಗಿದೆ. ಕಾಳು ಕಟ್ಟುವ ಈ ಹೊತ್ತಿನಲ್ಲಿ ತುಕ್ಕು ಹತ್ತಿದರೆ ಇಡೀ ಬೆಳೆ ಕೈತಪ್ಪುತ್ತದೆಂಬ ಅವರ ಆತಂಕ ಕಚೇರಿಯ ಗಮನಕ್ಕೆ ಬಂದಿದೆ. ಆದ್ದರಿಂದಲೇ ಸೋಮವಾರ ತೀರ್ಥೇಶ್ ಅವರನ್ನೇ ಕಳುಹಿಸಲಾಗುವುದು.

6. ಬೀಗ ತೆಗೆದಿರತಕ್ಕದ್ದು.

ಸಹಿ/-
(ಶ್ರೀನಿವಾಸಮೂರ್ತಿ)
ಪ್ರಭಾರ ಅಧೀಕ್ಷಕರು

ಪ್ರತಿಗಳು:

1. ಗಾಳಿಗೆ: ಕಚೇರಿಯ ಕಿಟಕಿ ತೆರೆದು ಜಾರಿ ಮಾಡುವುದು.

2. ಲಿಂಗದಹಳ್ಳಿ ಉಪಕಚೇರಿಗೆ: ಅಲ್ಲಿ ಗೋಧಿ ಇಲ್ಲ, ಆದರೂ ಎಚ್ಚರದಿಂದಿರಲು.

3. ಶ್ರೀ ತೀರ್ಥೇಶ್ ಅವರಿಗೆ: ಸದರಿ ಪ್ಯಾಂಟಿನೊಂದಿಗೆ ಹಾಜರಾಗಲು.

4. ಶ್ರೀಮತಿ ಶಕುಂತಲಮ್ಮನವರಿಗೆ: ಕರಡು ಪ್ರತಿ ಕೊಡಲು ಹೋದ ಜವಾನ ಬೆನಕಪ್ಪ ಅವರಿಗೆ ಸದರಿಯವರು, "ಕಾಗದ ಬೇಲಿ ಮ್ಯಾಲಿಂದ ಎಸೀರಿ ಕಣ್ರೀ. ಆ ಹುಡುಗ ಮೊದ್ಲು ಪ್ಯಾಂಟು ಒಕ್ಕೊಂಡು ಬರ್ಲಿ, ಆಮ್ಯಾಕೆ ಬೀಗ ತೆಗೀತೀನಿ" ಎಂದು ತಿಳಿಸಿರುತ್ತಾರೆ. ಅದರಂತೆ ಒಗೆಯಲು ಅನುಮತಿ ಹಾಗೂ ಸೋಪಿಗೆ ಮಂಜೂರಾತಿ ಕೋರಿ ಮೇಲಿನ ಕಚೇರಿಗೆ ಬರೆಯಲಾಗಿದೆ. ಗೋಧಿ ಕೊಯ್ಲಾಗುವವರೆಗೆ ಉತ್ತರ ಬರುವ ಸಂಭವವಿಲ್ಲ. ಅಲ್ಲಿಯವರೆಗೆ ಸೋಮವಾರದ ತಪಾಸಣೆಯನ್ನು ಮುಂದೂಡಲಾಗಿದೆ.