ಬಾರಿನ ಭಾರ ಯಾರಿಗೆ?

ಮರ ಕೊಯ್ಯುವವ: ಇದನ್ನ ಗರಗಸದ ಬಾರ್ ಅಂತ ಯಾರಯ್ಯ ಹೇಳಿದ್ದು? ಅಡುಗೆಮನೆ ಸಟ್ಟುಗದ ಹಾಗಿದೆ.

ಹೆಂಡತಿ: ಸಟ್ಟುಗ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲದವರು ಹೋಲಿಕೆ ಕೊಡ್ತಿದ್ದಾರೆ, ಕೇಳಪ್ಪ.

ಅದು ಮರ ಕೊಯ್ಯುವ ಯಂತ್ರಗಳ ರಿಪೇರಿ ಅಂಗಡಿ. ಮೇಜಿನ ಮೇಲೆ ಎರಡು ಬಾರ್‌ಗಳು ಪಕ್ಕಪಕ್ಕ ಮಲಗಿದ್ದವು. ಗರಗಸದ ಚೈನು ಸುತ್ತಿಕೊಂಡು ಓಡುವ ಉದ್ದನೆಯ ಚಪ್ಪಟೆ ಪಟ್ಟಿಯೇ ಬಾರ್. ಒಂದು ಇಡೀ ಉಕ್ಕಿನದು. ಇನ್ನೊಂದು ಎರಡು ತೆಳು ತಗಡುಗಳ ನಡುವೆ ಟೊಳ್ಳು ಬಿಟ್ಟು ಬೆಸೆದದ್ದು, ಸುಮಾರು ಅರ್ಧ ಕಿಲೋ ಹಗುರ. ಅಂಗಡಿಯವನು ಇಕ್ಕಳದಲ್ಲಿ ಸಿಕ್ಕ ಮೊಳೆಯ ಹಾಗೆ ನಿಂತಿದ್ದ.

ಅದಕ್ಕೆ ಕಾರಣವಿತ್ತು. ಸೋಮವಾರ ಮರ ಕೊಯ್ಯುವವ ಒಬ್ಬನೇ ಬಂದು, ಬಲ ಭುಜ ಕೈಕೊಟ್ಟಿದೆ, ಹಗುರದ ಬಾರ್ ಬೇಕು ಎಂದಿದ್ದ. ಹೆಂಡತಿಗೆ ತಿಳಿದರೆ ಮರ ಹತ್ತಲು ಬಿಡುವುದಿಲ್ಲ. ಬುಧವಾರ ಅವಳ ಜೊತೆ ಬಂದು ತಾನು ಬೇಡ ಬೇಡ ಎನ್ನುವುದು, ಅಂಗಡಿಯವನು ಬಲವಂತ ಮಾಡಿ ಹಗುರದ್ದನ್ನೇ ಕೊಡುವುದು ಎಂದು ಮಾತಾಯಿತು. ಮಂಗಳವಾರ ಹೆಂಡತಿ ಒಬ್ಬಳೇ ಬಂದಳು. ನಮ್ಮವರಿಗೆ ಭುಜ ಹೋಗಿದೆ, ಜಂಬ ಹೋಗಿಲ್ಲ. ಹೇಗಾದರೂ ಹಗುರದ್ದನ್ನೇ ಗಂಟುಹಾಕು, ನಾನು ಹೇಳಿದೆ ಎನ್ನಬೇಡ ಎಂದಳು. ಇಬ್ಬರೂ ಆಣೆ ಹಾಕಿಸಿಕೊಂಡಿದ್ದರು. ಇಬ್ಬರಿಗೂ ಬೇಕಾದದ್ದು ಒಂದೇ ಆದ್ದರಿಂದ ಹತ್ತು ನಿಮಿಷದ ವ್ಯಾಪಾರ ಎಂದು ಅಂಗಡಿಯವನು ಲೆಕ್ಕ ಹಾಕಿದ್ದ. ಈಗ ಒಂದು ಗಂಟೆಯಾಗುತ್ತ ಬಂದಿತ್ತು.

ಅಂಗಡಿಯವ: ಅಣ್ಣಾ, ಹಗುರದ್ದೇ ತಗೊಳ್ಳಿ. ಉದ್ದ ಅಷ್ಟೇ ಇದೆ, ಹಳೇ ಚೈನೇ ಕೂರುತ್ತೆ. ಗರಗಸದ ಮೂತಿ ಕೆಳಗೆ ಜಗ್ಗಲ್ಲ.

ಮರ ಕೊಯ್ಯುವವ: ಜಗ್ಗೋದು ಕೈಲಾಗದವರಿಗೆ. ಮೂವತ್ತು ವರ್ಷದಲ್ಲಿ ನನಗೆ ಬಾರ್ ಭಾರ ಅನ್ನಿಸಿದ್ದೇ ಇಲ್ಲ.

ಹೆಂಡತಿ: ಹೇಗೆ ಅನ್ನಿಸುತ್ತೆ? ವ್ಯಾನಿಂದ ಮರದ ಬುಡದವರೆಗೆ ಹೊತ್ಕೊಂಡು ಬರೋಳು ನಾನು.

ಮರ ಕೊಯ್ಯುವವ: ಬುಡದಿಂದ ಮೇಲಕ್ಕೂ ನೀನೇ ಹೊರ್ತೀಯಾ?

ಹೆಂಡತಿ: ಇಲ್ಲಪ್ಪ, ಮೇಲಕ್ಕೆ ನೀವೇ ಹೋಗ್ತೀರಿ. ಕೆಳಗೆ ಇಳಿಸೋಕೆ ಮಾತ್ರ ನಾಲ್ಕು ಜನ ಬೇಕಾಗುತ್ತೆ.

ಆಡುತ್ತಿದ್ದ ನಾಟಕ ಮರ ಕೊಯ್ಯುವವನಿಗೆ ಅಲ್ಲಿ ಮರೆತುಹೋಯಿತು. ಟೊಳ್ಳು ಬಾರ್ ಹಿಡಿದು ಹೋದರೆ ಕಸುಬಿನವರೆಲ್ಲ ನಗುತ್ತಾರೆ, ತನ್ನ ಅಪ್ಪ ಇದಕ್ಕಿಂತ ಎರಡರಷ್ಟು ತೂಕದ್ದನ್ನು ಒಂದೇ ಕೈಯಲ್ಲಿ ಆಡಿಸುತ್ತಿದ್ದ ಎಂದು ಶುರುಮಾಡಿದ. ಅಂಗಡಿಯವನು ಕಣ್ಣು ಮಿಟುಕಿಸಿದ. ಕಣ್ಣಿಗೇನಾಯಿತು, ಕಬ್ಬಿಣದ ಪುಡಿ ಬಿತ್ತೇ ಎಂದು ಹೆಂಡತಿ ಕೇಳಿದಳು. ಆಮೇಲೆ ಅವಳಿಗೂ ಸಾಕಾಯಿತು.

ಹೆಂಡತಿ: ಆಯ್ತು, ಭಾರದ್ದೇ ಕೊಡಪ್ಪ. ಇದಕ್ಕಿಂತ ಭಾರದ್ದು ಒಳಗಿದ್ರೆ ಅದನ್ನೇ ತಗೊಂಡ್ಬಾ. ಪೈಲ್ವಾನರಿಗೆ ಇದೆಲ್ಲಿ ಸಾಲುತ್ತೆ?

ಅಂಗಡಿಯವನಿಗೆ ಎಂಥ ಕೆಟ್ಟ ಯಂತ್ರವೂ ಅರ್ಥವಾಗುತ್ತಿತ್ತು, ಕೊಂಕು ಮಾತು ಮಾತ್ರ ಅರ್ಥವಾಗುತ್ತಿರಲಿಲ್ಲ. ಅಕ್ಕ ಮನಸ್ಸು ಬದಲಾಯಿಸಿದರು ಎಂದುಕೊಂಡು ಒಳಗೆ ಹೋಗಿ, ಇದ್ದದ್ದರಲ್ಲೇ ದಪ್ಪನೆಯ ಬಾರ್ ತಂದು ಗಿರಾಕಿಯ ಬಲಗೈಗೆ ಇಟ್ಟ. ಕೈ ಎದೆಯವರೆಗೂ ಏಳಲಿಲ್ಲ. ಬಾರ್ ಠಣ್ ಎಂದು ಮೇಜಿನ ಮೇಲೆ ಬಿತ್ತು. ಮರ ಕೊಯ್ಯುವವ ಭುಜ ಅದುಮಿಕೊಂಡು ಹಲ್ಲು ಕಚ್ಚಿದ.

ಮರ ಕೊಯ್ಯುವವ: ಸೋಮವಾರ ಅಷ್ಟು ಬಿಡಿಸಿ ಹೇಳಿದ್ನಲ್ಲೋ, ಹಗುರದ್ದೇ ಕೊಡು ಅಂತ.

ಹೆಂಡತಿ: ಸೋಮವಾರನಾ? ಹಾಗಾದ್ರೆ ಮಂಗಳವಾರ ನಾನ್ಯಾಕೆ ಬಂದೆ?

ಅವನು ಹೆಂಡತಿಯ ಮುಖ ನೋಡಿದ. ಅವಳು ಬಾಗಿಲ ಕಡೆ ನೋಡಿದಳು.

ಮರ ಕೊಯ್ಯುವವ: ಭುಜದ ವಿಷಯ ನಿನಗೆ ಗೊತ್ತಿತ್ತಾ?

ಹೆಂಡತಿ: ಹದಿನೈದು ದಿನದಿಂದ ಎಡಗೈಲಿ ಲೋಟ ಹಿಡೀತಿದ್ದೀರಿ. ನಾನೇನು ಕುರುಡೀನಾ?

ಮರ ಕೊಯ್ಯುವವ: ಮತ್ತೆ ಕೇಳಲೇ ಇಲ್ಲ.

ಹೆಂಡತಿ: ಕೇಳಿದ್ದಿದ್ರೆ ಬಲಗೈಲಿ ಹಿಡೀತಿದ್ರಿ.

ಅವನು ಹಗುರದ ಬಾರನ್ನು ಮೆಲ್ಲಗೆ ಎತ್ತಿ ನೋಡಿದ. ಎದೆಯವರೆಗೆ ಸಲೀಸಾಗಿ ಬಂತು. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ತಾನೂ ಒಮ್ಮೆ ತೂಗಿ ನೋಡಿ, ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ಅಂಗಡಿಯವನ ಕಡೆ ತಿರುಗಿದರು.

ಮರ ಕೊಯ್ಯುವವ: ಇಬ್ರೂ ಬೇರೆಬೇರೆ ಬಂದು ಕೇಳಿದ್ದು ಒಂದನ್ನೇ. ಆದ್ರೂ ಒಂದು ಗಂಟೆ ನಮ್ಮನ್ನ ಜಗಳ ಆಡಿಸಿದ್ಯಲ್ಲ.

ಅಂಗಡಿಯವ: ಯಾರಿಗೂ ಹೇಳ್ಬೇಡ ಅಂತ ಇಬ್ರೂ ಆಣೆ ಹಾಕಿಸ್ಕೊಂಡಿದ್ರಲ್ಲ ಅಕ್ಕಾ.

ಹೆಂಡತಿ: ಹಾಕಿಸ್ಕೊಂಡ್ವಿ, ನಿಜ. ಅದಕ್ಕೇ ಅಂತ ಯಾರಾದ್ರೂ ಗುಟ್ಟನ್ನ ಹೀಗೆ ಹೊಟ್ಟೇಲೇ ಇಟ್ಕೊಂಡು ಕೂರ್ತಾರಾ?