ನಡುವೆ ನಾನೊಬ್ಬಳು

ಮರಾಠಿ ಊರಾದ ಕೋಪರಖೈರಣೆಯ ನಮ್ಮ ಹೋಟೆಲಿನಲ್ಲಿ ಬಾಯಿ ಬೇಕಾದಷ್ಟು ಉಂಟು, ಮಾತು ಮಾತ್ರ ಮುಟ್ಟಬೇಕಾದಲ್ಲಿ ಮುಟ್ಟುವುದಿಲ್ಲ. ಹಾಗಾಗಿ ನಗುವಿಗೆ ನಮಗೆ ಬರವಿಲ್ಲ.

ಕೈ ಮುಗಿದವರು

ಮಗ ಮೊಬೈಲಿನಲ್ಲಿ ಕೆಲಸದವರದ್ದೆಲ್ಲ ಒಂದು ಗ್ರೂಪು ಮಾಡಿದ. "ಅಮ್ಮ, ಇನ್ನು ಕೂಗಾಟವೇ ಇಲ್ಲ" ಅಂದ. ಮರುದಿನ ಬೆಳಿಗ್ಗೆ, "ತೆಂಗಿನಕಾಯಿ ಮುಗಿದಿದೆ, ಯಾರಾದರೂ ತನ್ನಿ" ಅಂತ ಹಾಕಿದ. ಎಲ್ಲರೂ ಕೈ ಮುಗಿದ ಚಿತ್ರ ಕಳಿಸಿದರು. ಕಾಯಿ ಬರಲೇ ಇಲ್ಲ, ಚಟ್ನಿಯೂ ಇಲ್ಲ.

"ಯಾಕೋ ತರಲಿಲ್ಲ?" ಅಂತ ಸಪ್ಲೈಯರ್ ಹುಡುಗನನ್ನು ಕೇಳಿದೆ.

"ಕೈ ಮುಗಿದೆನಲ್ಲ ಅಮ್ಮ!"

ದೇವರಿಗಾದರೂ ಕೈ ಮುಗಿಯುವಾಗ ಒಂದು ಕಾಯಿ ಕೊಡ್ತೇವೆ ಮಾರಾಯ, ಅಂದೆ.

ಭಟ್ಟರ ಮೌನ

ಅಡುಗೆ ಭಟ್ಟರ ಸಾಂಬಾರಿಗೆ ಬೆಲ್ಲ ಹೆಚ್ಚಾಯಿತೆಂದು ಮಗ ಗಿರಾಕಿಗಳೆದುರೇ ಹೇಳಿದ. ಅಂದಿನಿಂದ ಭಟ್ಟರು ಅವನ ಹತ್ತಿರ ಮಾತು ಬಿಟ್ಟರು. ಇಬ್ಬರೂ ಒಂದೇ ಒಲೆಯ ಆಚೆ ಈಚೆ ನಿಂತು ನನ್ನ ಮೂಲಕ ಮಾತಾಡುವುದು.

"ಅಮ್ಮ, ನಿಮ್ಮ ಮಗನಿಗೆ ನಾಲಿಗೆ ಉಂಟಾ ಅಂತ ಕೇಳಿ."

ನಾನು ಮಗನಿಗೆ ಹೇಳಿದೆ, "ರುಚಿ ನೋಡಲಿಕ್ಕೆ ನಿನ್ನನ್ನು ಕರೀತಿದ್ದಾರೆ."

ಮಗ ಖುಷಿಯಲ್ಲಿ ಸೌಟು ಹಿಡಿದು ಹೋದ. ಭಟ್ಟರು ಪಾತ್ರೆಗೆ ಮುಚ್ಚಳ ಹಾಕಿದರು.

ವಾಶಿಯ ಆಫೀಸು

ಎದುರಿಗೆ ಹೊಸ ಹೋಟೆಲು ಬಂದ ಮೇಲೆ ನಮ್ಮಲ್ಲಿ ನೊಣ ಹೊಡೆಯುವ ಕೆಲಸ. ಪಕ್ಕದ ವಾಶಿಯ ಒಂದು ಆಫೀಸಿನ ದಿನದ ಊಟದ ಆರ್ಡರು ಸಿಕ್ಕದಿದ್ದರೆ ಶಟರ್ ಎಳೆಯುವುದೇ. ಕಂಪನಿಯವರು ಒಬ್ಬರೊಟ್ಟಿಗೊಬ್ಬರು ಹೇಗೆ ಮಾತಾಡಬೇಕು ಅಂತ ಪಾಠ ಹೇಳುವ ಆಫೀಸಂತೆ ಅದು. ರುಚಿ ನೋಡಲಿಕ್ಕೆಂದು ಊಟ ಹಿಡಿದು ಮಗನೊಟ್ಟಿಗೆ ನಾನೂ ಹೋದೆ.

ಅಲ್ಲಿ ಒಬ್ಬರು ಸಾಹೇಬರು, ನಮ್ಮನ್ನು ಕರೆಸಿದ ಒಬ್ಬರು ಮೇಡಂ. ಅಕ್ಕಪಕ್ಕದ ಗಾಜಿನ ಕೋಣೆ, ಆದರೆ ಪರಸ್ಪರ ಮಾತಿಲ್ಲ, ಬರೀ ಮೇಲ್. ಸಾಂಬಾರು ಬಾಯಿಗಿಟ್ಟ ಸಾಹೇಬರು ಮೇಡಂ ಕೋಣೆಯ ಕಡೆ ಕೈ ತೋರಿಸಿ ನನಗೆ ಮರಾಠಿಯಲ್ಲಿ ಹೇಳಿದರು, "ಆಜಿ, ಅವರಿಗೆ ಹೇಳಿ. ಈ ಬೆಲ್ಲದ ನೀರು ಅವರೇ ಕುಡಿಯಲಿ."

ಮಗ ಡಬ್ಬಿ ಮುಚ್ಚಲಿಕ್ಕೆ ಹೊರಟ. ನಾನು ಆಚೆ ಕೋಣೆಗೆ ಹೋಗಿ, "ಬೆಲ್ಲ ಎಷ್ಟಿರಬೇಕು ಅಂತ ಸಾಹೇಬರು ನಿಮ್ಮನ್ನು ಕೇಳ್ತಿದ್ದಾರೆ" ಅಂದೆ.

"ಅವರು? ನನ್ನನ್ನು?" ಮೇಡಂ ಕುರ್ಚಿಯಿಂದ ಎದ್ದರು. "ಹೇಳಿ, ಅವರಿಗೆ ಹಿಡಿಸಿದಷ್ಟೇ ಸಾಕು."

ಅದನ್ನು ಮಾತ್ರ ಬದಲಿಸದೆ ಮುಟ್ಟಿಸಿದೆ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು. ಆರ್ಡರು ನಮಗೇ ಆಯಿತು. ಒಂದೇ ಷರತ್ತು, ಊಟದೊಟ್ಟಿಗೆ ಆಜಿಯೂ ಬರಬೇಕಂತೆ.

ಮಗ ರಿಕ್ಷಾ ಇಳಿದವನೇ ಅಡುಗೆಮನೆಗೆ ಓಡಿ, ಜಗಳ ಮರೆತು ನೇರವಾಗಿ ಭಟ್ಟರಿಗೇ ಕೂಗಿದ, "ಭಟ್ರೇ, ಆರ್ಡರ್ ಸಿಕ್ಕಿತು! ನಿಮ್ಮ ಸಾಂಬಾರಿಗೇ ಸಿಕ್ಕಿತು!"

ಭಟ್ಟರ ಮುಖ ಅರಳಿತು. ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿ ಗಂಭೀರವಾಗಿ ಅಂದರು:

"ಅಮ್ಮ, ನನಗೆ ಕೇಳಿಸಲಿಲ್ಲ ಅಂತ ನಿಮ್ಮ ಮಗನಿಗೆ ಹೇಳಿ. ಇನ್ನೊಮ್ಮೆ ಹೇಳಲಿ, ಗಿರಾಕಿಗಳೆದುರು."